ದೊಡ್ಡ ಹಡಗಿನ ನಿಯರಿ

ಆ ದಿನ ಬೆಳಿಗ್ಗೆ ಎದ್ದು ಎಂದಿನಂತೆ ಮೊದಲು ಬಟ್ಟೆ ಮುಟ್ಟಿ ನೋಡಿದೆ. ಹಿಂದಿನ ಸಂಜೆ ರೇಡಿಯೇಟರಿನ ಮೇಲೆ ಹರವಿದ್ದ ಮೇಘಾಳ ಶಾಲೆಯ ಸ್ವೆಟರು ತೋಳಿನ ಸಂದಿನಲ್ಲಿ ಇನ್ನೂ ತಣ್ಣಗಿತ್ತು. ಅದನ್ನು ಮಗುಚಿ ಹಾಕಿ, ಹಾಲು ಕಾಯಲು ಇಟ್ಟು, ಕಿಟಕಿಯ ಗಾಜಿನ ಒಳಮೈಯಲ್ಲಿ ಇಳಿಯುತ್ತಿದ್ದ ಹನಿಗಳನ್ನು ಹಳೆಯ ಟವೆಲಿನಿಂದ ಒರೆಸಿದೆ. ಆ ಮನೆಯಲ್ಲಿ ದಿನಾ ಒರೆಸಬೇಕಿತ್ತು. ಒಂದು ದಿನ ಬಿಟ್ಟರೂ ಚೌಕಟ್ಟಿನ ಮೂಲೆಯಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತಿತ್ತು. ರಾತ್ರಿ ಡ್ಯೂಟಿ ಮುಗಿಸಿ ಬಂದ ನಮ್ಮವರು ಬೂಟು ಕೂಡ ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು.

"ರೀ, ಮೇಲೆ ಹೋಗಿ ಮಲ್ಕೊಳ್ಳಿ. ಕತ್ತು ಹಿಡ್ಕೊಳ್ಳುತ್ತೆ."

"ಮಧ್ಯಾಹ್ನ ಎಬ್ಸು. ಕಲ್ಲಿನ ಪೂಜೆಗೆ ಬರ್ತೀನಿ ಅಂತ ಆ ಮೇಷ್ಟ್ರಿಗೆ ಹೇಳಿದೀನಿ."

"ಪೂಜೆ ಅಲ್ಲ ರೀ, ಬ್ಲೆಸಿಂಗ್."

"ಏನೋ ಒಂದು. ಎಬ್ಸು."

ಮೇಘಾ ಬಂದು ಡಬ್ಬಿಯ ಮುಚ್ಚಳ ತೆರೆದು ನೋಡಿದಳು. "ಅಮ್ಮಾ, ನಾಟ್ ಲೆಮನ್ ರೈಸ್ ಅಗೇನ್, ಲೈಕ್!" ಎಂದಳು. ನಾನು ಕನ್ನಡದಲ್ಲಿ ಬೈದೆ, ಅವಳು ಇಂಗ್ಲಿಷಿನಲ್ಲಿ ಮುನಿಸಿಕೊಂಡಳು, ಒದ್ದೆ ತೋಳಿನ ಸ್ವೆಟರನ್ನೇ ತೊಟ್ಟುಕೊಂಡು ಹೋದಳು. ಅಂದು ಸ್ಮಶಾನದಲ್ಲಿ ಶಾಲೆಯ ಮಕ್ಕಳು ಹಾಡುವುದಿತ್ತು.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಇಲ್ಲಿ ಡಬ್ಲಿನ್ನಿನ ಬ್ಯೂಮಾಂಟಿನ ನಮ್ಮ ಬೀದಿಯಲ್ಲಿ ಯಾರೋ ಟರ್ಫ್ ಉರಿಸಿದ್ದರು. ಜೌಗುನೆಲದ ಮಣ್ಣನ್ನು ಇಟ್ಟಿಗೆಯ ಹಾಗೆ ಕಡಿದು, ಒಣಗಿಸಿ, ಸೌದೆಯಂತೆ ಒಲೆಗೆ ಹಾಕುತ್ತಾರೆ. ಒದ್ದೆ ನೆಲವನ್ನು ಹುರಿದಂತಹ ಅದರ ವಾಸನೆ ಒಮ್ಮೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಡಬ್ಲಿನ್ನಿನಲ್ಲಿ ಅದು ಅಪರೂಪ. ಹಾಲಿನ ಡಬ್ಬ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಆಗ ಪಕ್ಕದ ಮನೆಯಲ್ಲಿದ್ದ ಮುದುಕಿ ಬ್ರೈಡಿ ಈಗ ಇಲ್ಲ. ನಾವಿದ್ದ ಮನೆಯಲ್ಲಿ ಬೇರೆ ಯಾರೋ ಕಿಟಕಿ ಒರೆಸುತ್ತಿರಬೇಕು.

ಡಾಕ್ಟರನ್ನು ಮದುವೆಯಾದವರಿಗೆ ಐರ್ಲೆಂಡಿನಲ್ಲಿ ಜುಲೈ ಅಂದರೆ ಪೆಟ್ಟಿಗೆ ಕಟ್ಟುವ ತಿಂಗಳು. ಟ್ರೈನಿಂಗ್ ಮುಗಿಯುವವರೆಗೆ ವರ್ಷಕ್ಕೊಂದು ಆಸ್ಪತ್ರೆ, ವರ್ಷಕ್ಕೊಂದು ಊರು. ಲಿಮೆರಿಕ್ ಆಯಿತು, ಟಾಲಾ ಆಯಿತು. ಆ ವರ್ಷ ಪಶ್ಚಿಮ ಕರಾವಳಿಯ ಒಂದು ಸಣ್ಣ ಊರು. ಆಸ್ಪತ್ರೆಯ ಹತ್ತಿರ ಮನೆ ಸಿಗಲಿಲ್ಲ. ಕಾರಿನಲ್ಲಿ ದೂರ ಹೋಗಿ ಬಂದರೂ ಪರವಾಗಿಲ್ಲವೆಂದು ಸಮುದ್ರದ ಬದಿಯ ಒಂದು ಬಾಡಿಗೆ ಮನೆ ಹಿಡಿದೆವು. ನಾನು ಎಲ್ಲ ಪೆಟ್ಟಿಗೆಗಳನ್ನು ಬಿಚ್ಚಲೇ ಇಲ್ಲ. ಗೋಡೆಗೆ ಮೊಳೆ ಹೊಡೆಯಲಿಲ್ಲ, ಕ್ಯಾಲೆಂಡರನ್ನೂ ಫ್ರಿಜ್ಜಿಗೆ ಅಂಟಿಸಿದೆ. ದಣಿವು ಎಂದರೆ ಕೈಕಾಲಿನದು ಮಾತ್ರವಲ್ಲ. ಹೊಸ ಊರಿನಲ್ಲಿ ಮತ್ತೆ ಹೊಸದಾಗಿ "ಹಲೋ, ನಾವು ಇಂಡಿಯಾದವರು" ಎಂದು ಶುರುಮಾಡಬೇಕಲ್ಲ, ಆ ದಣಿವು.

ಪಕ್ಕದ ಮನೆಯ ನೋರೀನ್ ಮೊದಲ ವಾರವೇ ಇನ್ನೂ ಬಿಸಿಯಿದ್ದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತಟ್ಟೆಯಲ್ಲಿಟ್ಟು ತಂದುಕೊಟ್ಟರು. ಅರವತ್ತು ದಾಟಿದ, ಯಾವಾಗಲೂ ಕಾರಿನ ಕೀಲಿ ಹುಡುಕುತ್ತಿರುವ ಹೆಂಗಸು. ಖಾಲಿ ತಟ್ಟೆ ವಾಪಸು ಕೊಡುವ ಅಭ್ಯಾಸ ನಮಗಿಲ್ಲವಲ್ಲ, ಉಪ್ಪಿಟ್ಟು ಮಾಡಿ ಕೊಟ್ಟೆ. ಮರುದಿನ ಬೇಲಿಯ ಆಚೆಯಿಂದ ವರದಿ ಬಂತು: "ನಮ್ಮ ಅಮ್ಮ ಪೂರ್ತಿ ತಿಂದುಬಿಟ್ಟಳು. ಇದು ಸಿಟ್ಟು ಬಂದ ಗಂಜಿ ಅಂದಳು!"

ಅವರೆಲ್ಲ ಆಡಿದ್ದು ಇಂಗ್ಲಿಷೇ. ನನ್ನ ನೆನಪಿನಲ್ಲಿ ಮಾತ್ರ ಕನ್ನಡವಾಗಿ ಉಳಿದಿದೆ.

ಆ ಅಮ್ಮನೇ ಬ್ರೈಡಿ. ತೊಂಬತ್ತು ದಾಟಿತ್ತು. ಕಾಲು ಬಿದ್ದುಹೋಗಿತ್ತು, ನಾಲಿಗೆ ನೆಟ್ಟಗಿತ್ತು. ಗುರುವಾರ ಮಧ್ಯಾಹ್ನ ನೋರೀನ್ ಪೇಟೆಗೆ ಹೋದಾಗ ನಾನು ಹೋಗಿ ಜೊತೆಗಿರುವುದೆಂದು ಮಾತಾಯಿತು. ಅವರ ಕೋಣೆಯ ಕಿಟಕಿಗೆ ಸಮುದ್ರದ ಮರಳದಂಡೆ ನೇರವಾಗಿ ಕಾಣುತ್ತಿತ್ತು. ಮೊದಲ ಗುರುವಾರ ಅವರು ಜಪಮಾಲೆ ಹಿಡಿದು ಪ್ರಾರ್ಥನೆಯ ಮೊದಲರ್ಧ ಹೇಳಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಉಳಿದರ್ಧ ನನ್ನ ಬಾಯಿಂದ ತಾನಾಗಿ ಬಂತು. ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಹೇಳಿದ್ದು ಎಲ್ಲಿಗೆ ಹೋಗುತ್ತದೆ?

"ನೀನು ಹಿಂದೂ ಅಂದಿದ್ದರಲ್ಲ?"

"ಹಿಂದೂನೇ. ಆದರೆ ಸಿಸ್ಟರುಗಳ ಕೈಯಲ್ಲಿ ಓದಿದವಳು. ಅದರಲ್ಲಿ ಒಬ್ಬರು ನಿಮ್ಮ ಊರಿನ ಕಡೆಯವರೇ."

"ಹಾಗಾದರೆ ಏಟು ತಿಂದಿದ್ದೀಯ," ಎಂದು ಬ್ರೈಡಿ ತೃಪ್ತಿಯಿಂದ ನಕ್ಕರು.

ಹಡಗಿನ ಸುದ್ದಿ ನನಗೆ ಮೊದಲು ಗೊತ್ತಾದದ್ದು ನವೆಂಬರಿನಲ್ಲಿ. ಊರಿನ ನಿವೃತ್ತ ಮೇಷ್ಟರು ಡೆಕ್ಲನ್ ಚರ್ಚಿನ ಹಾಲಿನಲ್ಲಿ ಹಳೆಯ ಫೋಟೋಗಳ ಪ್ರದರ್ಶನ ಇಟ್ಟಿದ್ದರು. ಎಲ್ಲವೂ ಒಂದೇ ಹಡಗಿನವು. ಅದಕ್ಕೊಂದು ಉದ್ದನೆಯ ರಾಜಗಂಭೀರ ಹೆಸರಿತ್ತು. ಊರಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ, 'ದೊಡ್ಡ ಹಡಗು' ಅಂದರೆ ಅದೇ. ಡೆಕ್ಲನ್ ಮಾತ್ರ 'ಅವಳು' ಎನ್ನುತ್ತಿದ್ದರು.

"ಅವಳು ಸುಂದರಿ ನೋಡಿ," ಎಂದು ಬೆರಳು ತೋರಿಸುತ್ತ ಬಂದರು. ಬಿಳಿ ಮೈ, ಹಳದಿ ಹೊಗೆಗೊಳವೆ. ಲಂಡನ್ನಿನಿಂದ ಹೊರಟು ಸೂಯೆಜ್ ದಾಟಿ ಬೊಂಬಾಯಿಗೆ. ಹೋಗುವಾಗ ಆಫೀಸರುಗಳು, ಕಾಫಿತೋಟದ ದೊರೆಗಳು, ಗಂಡು ಹುಡುಕಿಕೊಂಡು ಹೊರಟ ಹುಡುಗಿಯರು, ಮರಳಿ ಬರುವಾಗ ಜ್ವರದಿಂದ ಹಳದಿಯಾದವರು, ಓದಿಗೆಂದು ಕಳಿಸಿದ ಮಕ್ಕಳು. ಸಿಸ್ಟರುಗಳೂ ಇದ್ದರು. ಮೈಸೂರಿನ ನಮ್ಮ ಮುದಿ ಸಿಸ್ಟರ್, ತಾನು ಹುಡುಗಿಯಾಗಿದ್ದಾಗ ಹಡಗು ಹತ್ತಿ ಬೊಂಬಾಯಿ ಬರುವವರೆಗೂ ವಾಂತಿ ಮಾಡಿದೆ ಎಂದು ಹೇಳುತ್ತಿದ್ದದ್ದು ನೆನಪಾಯಿತು. ಇಂಥದೇ ಒಂದು ಹಡಗಿರಬೇಕು.

ಹಡಗಿನ ಊಟದ ಕೋಣೆಯ ಫೋಟೋ ಮುಂದೆ ನಾನು ತುಂಬ ಹೊತ್ತು ನಿಂತೆ. ಪ್ರತಿ ತಟ್ಟೆಯ ಮೇಲೂ ಕೊಕ್ಕರೆಯ ಹಾಗೆ ಮಡಚಿದ ಕರವಸ್ತ್ರ. ಗಂಜಿ ಹಾಕಿ ಇಸ್ತ್ರಿ ಮಾಡದೆ ಬಟ್ಟೆ ಹಾಗೆ ನಿಲ್ಲುವುದಿಲ್ಲ. ಸಮುದ್ರದ ಮಧ್ಯೆ, ಆ ತೇವದಲ್ಲಿ, ಅಷ್ಟೊಂದು ಬಟ್ಟೆಯನ್ನು ಯಾರು ಒಗೆದರು, ಎಲ್ಲಿ ಒಣಗಿಸಿದರು? ಫೋಟೋದ ಅಂಚಿನಲ್ಲಿ ಉತ್ತರ ಇತ್ತು. ಗೋಡೆಗೆ ಒತ್ತಿಕೊಂಡು ಬಿಳಿ ಕೋಟಿನ ಒಂದು ಸಾಲು ಮಂದಿ, ತೋಳಿನ ಮೇಲೆ ಟವೆಲು. ನಮ್ಮ ಕಡೆಯ ಮುಖಗಳು. ಅವರ ಕೆಳಗೆ, ಫೋಟೋಗೂ ಸಿಗದ ಕಡೆ, ಬಾಯ್ಲರಿಗೆ ಕಲ್ಲಿದ್ದಲು ತುಂಬುವವರು ಇದ್ದರಂತೆ. ಅವರೂ ನಮ್ಮವರೇ, ನಮ್ಮ ಪಡುವಣ ಕರಾವಳಿಯ ಬಂದರುಗಳಿಂದ ಹತ್ತಿದವರು.

"ಆಮೇಲೆ ಅವಳಿಗೆ ವಯಸ್ಸಾಯಿತು," ಎಂದರು ಡೆಕ್ಲನ್. ಹೊಸ, ವೇಗದ ಹಡಗುಗಳು ಬಂದವು. ಇವಳ ಇಂಜಿನು ಕೆಮ್ಮತೊಡಗಿತು, ಶ್ರೀಮಂತರು ಬಿಟ್ಟರು, ಗುಜರಿಗೆ ಹಾಕುವ ಮಾತು ನಡೆದಿತ್ತು. ಅಷ್ಟರಲ್ಲಿ ಯುದ್ಧ. ಮುದುಕಿಯನ್ನು ಮತ್ತೆ ಕೆಲಸಕ್ಕೆ ಕರೆದರು. ಬಿಳಿ ಮೈಗೆ ಬೂದು ಬಳಿದರು. ತೂಗುದೀಪ ಇಳಿಸಿ, ನೃತ್ಯದ ಹಾಲಿನಲ್ಲಿ ಸಿಪಾಯಿಗಳಿಗೆ ಜೋಲಿ ಕಟ್ಟಿದರು. ಎಲ್ಲೆಲ್ಲಿಗೋ ಓಡಾಡಿ, ಕೊನೆಗೊಂದು ಸಲ ಐರ್ಲೆಂಡಿನ ಉತ್ತರದ ತುದಿಯನ್ನು ಬಳಸಿಕೊಂಡು ಬರುವಾಗ ಬೆಳಕು ಹರಿಯುವ ಹೊತ್ತಿಗೆ ಟಾರ್ಪೆಡೋ ಬಡಿಯಿತು. ಬಾಯ್ಲರಿನ ಕಡೆಗೇ. ಅಲ್ಲಿದ್ದವರು ಬಹುಪಾಲು ಮೇಲೆ ಬರಲಿಲ್ಲ. ಹಡಗು ಒಂದು ಪಕ್ಕಕ್ಕೆ ವಾಲಿ, ಯಾರನ್ನೋ ಕಾಯುವ ಹಾಗೆ ಬಹಳ ಹೊತ್ತು ತೇಲಿ, ಮುಳುಗಿತು. ದೋಣಿಗೆ ಇಳಿದವರಲ್ಲಿ ಹೆಚ್ಚಿನವರನ್ನು ಬೇರೆ ಹಡಗು ಎತ್ತಿಕೊಂಡಿತು. ಒಂದು ದೋಣಿ ಮಾತ್ರ ತಪ್ಪಿಸಿಕೊಂಡು, ಕುಡಿಯುವ ನೀರಿನ ಪೀಪಾಯಿ ಒಡೆದುಕೊಂಡು, ದಿನಗಟ್ಟಲೆ ಅಲೆದು ನಮ್ಮ ಮನೆಗಳ ಮುಂದಿನ ಮರಳಿಗೆ ಬಂದು ಸಿಕ್ಕಿಕೊಂಡಿತು. ಅದರಲ್ಲಿ ಉಸಿರಿದ್ದವನು ಒಬ್ಬನೇ.

"ಅವನೇ ನಮ್ಮ ನಿಯರಿ," ಎಂದರು ಡೆಕ್ಲನ್. ಕೊನೆಯ ಫೋಟೋದಲ್ಲಿ ತುಕ್ಕು ಹಿಡಿದ ಕಬ್ಬಿಣದ ಶಿಲುಬೆ ಇತ್ತು, ಅದರ ಮೇಲೆ ಬಿಳಿ ಬಣ್ಣದ ಇಂಗ್ಲಿಷ್ ಅಕ್ಷರ.

ನಿಯರಿ ಅಂದರೆ ಆ ಸೀಮೆಯಲ್ಲಿ ಮನೆಮನೆಗೂ ಇರುವ ಹೆಸರು. ಅಂಗಡಿಯವನು ನಿಯರಿ, ಕುರಿ ಡಾಕ್ಟರು ನಿಯರಿ. ಕಂದುಬಣ್ಣದ ಖಲಾಸಿಗೆ ಆ ಹೆಸರು ಹೇಗೆ ಬಂತೆಂದು ಊರು ಎಂದೋ ತೀರ್ಮಾನ ಮಾಡಿಬಿಟ್ಟಿತ್ತು. ಇಲ್ಲಿಂದ ಹಿಂದೆ ಸೈನ್ಯಕ್ಕೆ ಸೇರಿ ಇಂಡಿಯಾಕ್ಕೆ ಹೋದ ಯಾವನೋ ನಿಯರಿಯ ಮೊಮ್ಮಗ ಇವನು. ಅಲೆಗಳು ಅವನನ್ನು ಮನೆಗೆ ತಂದು ಬಿಟ್ಟವು. ಆ ಕರಾವಳಿಯ ಉದ್ದಕ್ಕೂ ಸಿಕ್ಕ ಬೇರೆ ಹೆಣಗಳಿಗೆಲ್ಲ 'ಅಪರಿಚಿತ ನಾವಿಕ' ಎಂಬ ಕಲ್ಲು. ಹೆಸರು ಇದ್ದವನು ಇವನೊಬ್ಬನೇ. ಸತ್ತವರಿಗಾಗಿ ನವೆಂಬರಿನಲ್ಲಿ ನಡೆಯುವ ಪೂಜೆಯಲ್ಲಿ ಪಾದ್ರಿಗಳು ಊರಿನ ನಿಯರಿಗಳ ಜೊತೆ ಇವನನ್ನೂ ಓದುತ್ತಿದ್ದರು.

ಆ ಹೆಸರು ಊರಿಗೆ ಸಿಕ್ಕಿದ್ದು ಬ್ರೈಡಿಯಿಂದ.

ಜನವರಿಯಲ್ಲಿ ಒಂದು ಗುರುವಾರ ಬಿರುಗಾಳಿ ಎದ್ದು, ನೋರೀನ್ ಪೇಟೆಯಲ್ಲೇ ಸಿಕ್ಕಿಕೊಂಡರು. ಕರೆಂಟು ಹೋಗಿತ್ತು. ಟರ್ಫಿನ ಬೆಂಕಿಯ ಬೆಳಕಿನಲ್ಲಿ ಬ್ರೈಡಿ ಕಿಟಕಿಯ ಕಡೆ ನೋಡುತ್ತ ಹೇಳಿದರು.

"ಇದೇ ಮನೆ, ಇದೇ ಒಲೆ. ನಾನು ಆಗ ಎಷ್ಟಿದ್ದೆ, ನಿನ್ನ ಮಗಳಷ್ಟೇ ಇದ್ದೆ. ಅಪ್ಪ, ಪಕ್ಕದವರು ಅವನನ್ನು ಹೊತ್ತು ತಂದು ಒಲೆ ಮುಂದೆ ಮಲಗಿಸಿದರು. ಒಬ್ಬರು ಪಾದ್ರಿಗೆ ಓಡಿದರು, ಒಬ್ಬರು ಡಾಕ್ಟರಿಗೆ. ಅಮ್ಮ ನನ್ನನ್ನು ಕೂರಿಸಿ, ಅವನ ಕೈ ಹಿಡಿದುಕೋ, ಬಿಡಬೇಡ ಅಂದಳು. ಬಟ್ಟೆ ಒಗೆದು ಒಗೆದು ಸುಕ್ಕಾದ ಕೈ ಇರುತ್ತಲ್ಲ, ಹಾಗಿತ್ತು ಅಂಗೈ. ಕಣ್ಣು ಬಿಟ್ಟ. ನನ್ನನ್ನೇ ನೋಡಿದ. ಅಮ್ಮನನ್ನಲ್ಲ, ನನ್ನನ್ನೇ. ನೋಡಿ ತನ್ನ ಹೆಸರು ಹೇಳಿದ."

ಇಲ್ಲಿಯವರೆಗೆ ಊರಿನ ಬಾಯಲ್ಲಿ ಕೇಳಿದ ಹಾಗೇ ಇತ್ತು. ಆಮೇಲೆ ಅವರು ಊರಿನ ಬಾಯಿ ಬಿಟ್ಟು, ಅವನ ದನಿಯನ್ನು ತಂದುಕೊಂಡರು. ಗಂಟಲು ಒಣಗಿದ ಗಂಡಸಿನ ದನಿ, ತೊಂಬತ್ತರ ಮುದುಕಿಯ ಬಾಯಿಂದ.

"ನೀ...ರು. ನೀ...ರು. ಹೀಗೆ. ಏನೇ ಹೇಳ್ತಿದಾನೆ ಅಂತ ಅಮ್ಮ ಕೇಳಿದಳು. ತನ್ನ ಹೆಸರು ನಿಯರಿ ಅಂತಿದಾನಮ್ಮ ಅಂದೆ. ನನಗೆ ಹೇಳಿದ, ಬೇರೆ ಯಾರಿಗೂ ಅಲ್ಲ."

ನನ್ನ ಕೈಯಲ್ಲಿದ್ದ ಜಪಮಾಲೆ ಅಲ್ಲೇ ನಿಂತಿತು. "ಏನಾದರೂ ಕುಡಿಸಿದಿರಾ?" ಎಂದು ಕೇಳಿದೆ.

"ಅಮ್ಮ ಚಮಚದಲ್ಲಿ ವಿಸ್ಕಿ ಹಾಕಿದಳು. ಮುಖ ತಿರುಗಿಸಿಕೊಂಡ, ಗದ್ದದ ಮೇಲೆ ಸುರಿದುಹೋಯಿತು. ಅಪ್ಪ ನೀರು ತರಲಾ ಅಂದಾಗ ಅಮ್ಮ ಬೇಡ ಅಂದಳು. ಇಡೀ ಸಮುದ್ರ ಕುಡಿದು ಬಂದಿದ್ದಾನೆ ಪಾಪ, ಇನ್ನು ಅವನಿಗೆ ನೀರು ಬೇರೆ ಬೇಕಾ ಅಂತ."

ಪಾದ್ರಿ ಬರುವಷ್ಟರಲ್ಲಿ ಮುಗಿದಿತ್ತಂತೆ.

ಅಂದು ನಮ್ಮವರು ಬಂದ ಮೇಲೆ ಊಟಕ್ಕೆ ಬಡಿಸುತ್ತ ಹೇಳಿದೆ. "ರೀ, ಅದು ಹೆಸರಲ್ಲ. ನೀರು ಕೇಳಿದಾನೆ."

"ಯಾರು?"

"ನಿಯರಿ."

ಅವರು ತುತ್ತು ಕೆಳಗಿಟ್ಟರು. "ಕನ್ನಡದವನೇ ಅಂತ ಹೆಂಗೆ ಹೇಳ್ತೀಯ? ತೆಲುಗಿನವನಿರ್ಬೋದು, ತುಳುವಿನವನಿರ್ಬೋದು."

"ಯಾರಾದ್ರೇನು ರೀ. ಕೇಳಿದ್ದು ನೀರೇ ತಾನೇ?"

"ಆ ಸ್ಥಿತೀಲಿ ಕೊಟ್ಟಿದ್ರೂ ಉಳೀತಿದ್ನೋ ಇಲ್ವೋ."

"ಉಳಿಯೋ ಮಾತಲ್ಲ ನಾನು ಹೇಳ್ತಿರೋದು."

"ಗೊತ್ತು." ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಬಿಡು ಶೋಭಾ. ಅಜ್ಜಿಗೆ ಅದೊಂದೇ ಆಸ್ತಿ. ಅದನ್ನ ಕಿತ್ಕೊಂಡು ನಿಂಗೇನಾಗ್ಬೇಕು? ಜುಲೈಗೆ ನಾವು ಹೊರಡೋರು."

ಅವರು ಹೇಳಿದ್ದು ಸರಿಯೇ. ಆದರೆ ನಮ್ಮ ತಾತ ಹೋಗುವಾಗ ಮನೆಯವರನ್ನೆಲ್ಲ ಕರೆದು, ಮಕ್ಕಳನ್ನೂ ಎತ್ತಿ ಹಿಡಿದು, ಒಬ್ಬೊಬ್ಬರಾಗಿ ಒಂದೊಂದು ಉದ್ಧರಣೆ ನೀರು ಬಾಯಿಗೆ ಬಿಡಿಸಿದ್ದರು. ಶತ್ರುವಾದರೂ ಹೋಗುವ ಜೀವಕ್ಕೆ ಅದನ್ನು ಇಲ್ಲವೆನ್ನುವುದಿಲ್ಲ. ಆ ವಾರವೆಲ್ಲ ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದಾಗಲೆಲ್ಲ ಅವನೇ ನೆನಪಾಗಿ ಸಾಕಾಗಿಹೋಗುತ್ತಿತ್ತು. ಐರ್ಲೆಂಡಿನಲ್ಲಿ ನೀರಿಗೇನು ಬರ? ಮೇಲಿಂದ, ಗೋಡೆಯಿಂದ, ಕಿಟಕಿಯಿಂದ ಬರುತ್ತಲೇ ಇರುತ್ತದೆ.

ಸುಮ್ಮನಿದ್ದುಬಿಡುತ್ತಿದ್ದೆನೇನೋ. ಫೆಬ್ರವರಿಯಲ್ಲಿ ಡೆಕ್ಲನ್ ಮನೆಗೆ ಬಂದರು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ಕಬ್ಬಿಣದ ಶಿಲುಬೆ ತಿಂದುಹೋಗಿದೆ, ಊರಿನವರು ಸೇರಿ ಗ್ರಾನೈಟಿನ ಕಲ್ಲು ನಿಲ್ಲಿಸುತ್ತಾರೆ, ಬ್ರೈಡಿ ಇರುವಾಗಲೇ ಆಗಿಬಿಡಬೇಕು.

"ಅವನ ಹೆಸರನ್ನು ಅವನ ಲಿಪಿಯಲ್ಲೂ ಕೆತ್ತಿಸೋಣ ಅಂತ. ನೀವು ಇಂಡಿಯನ್ನಿನಲ್ಲಿ ಬರೆದುಕೊಡಬೇಕು."

"ಇಂಡಿಯನ್ ಅಂತ ಭಾಷೆ ಇಲ್ಲ ಡೆಕ್ಲನ್. ಅವನದು ಯಾವುದೋ ಏನೋ."

"ನಿಮ್ಮದರಲ್ಲೇ ಬರೆಯಿರಿ. ನೀವು ಬರೆದದ್ದೇ ಅಂತಿಮ. ಬೈಗುಳ ಬರೆದರೂ ನಮಗೆ ಗೊತ್ತಾಗಲ್ಲ," ಎಂದು ನಕ್ಕರು. "ಕೆತ್ತುವವನು ಈಸ್ಟರಿಗೆ ಮೊದಲು ಬೇಕು ಅಂದಿದ್ದಾನೆ."

ಆಗಲಿ ಎಂದೆ. ಬರೆಯಲು ಕೂತರೆ ಆಗಲಿಲ್ಲ. ನಿಯರಿ ಎಂದು ಬರೆದರೆ, ಅವನ ದೇಶದ ಅಕ್ಷರದಲ್ಲೇ ಅವನ ಮಾತನ್ನು ಎರಡನೆಯ ಸಲ ತಪ್ಪಾಗಿ ಕೇಳಿಸಿಕೊಂಡಂತೆ. ಮೊದಲ ಸಲ ತಪ್ಪಿದವರಿಗೆ ಭಾಷೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಇನ್ನೊಂದನ್ನು ಬರೆದರೆ, ಬ್ರೈಡಿಯ ಕಣ್ಣೆದುರೇ ಅವರಿಗೆ ತಿಳಿಯದಂತೆ ಅವರ ಮಾತನ್ನು ಸುಳ್ಳು ಮಾಡಿದಂತೆ. ಡೆಕ್ಲನ್ ಎರಡು ಸಲ ಫೋನ್ ಮಾಡಿದರು. ಮೇಘಾಗೆ ಜ್ವರ, ಒಗೆದ ಬಟ್ಟೆ ರಾಶಿ ಬಿದ್ದಿದೆ, ನಾಳೆ ಕೊಡುತ್ತೇನೆ ಎಂದೆ. ಎಲ್ಲ ನಿಜವೇ.

ಮಾರ್ಚಿನಲ್ಲಿ ಬ್ರೈಡಿಗೆ ಎದೆ ಕಟ್ಟಿ, ಆಸ್ಪತ್ರೆಗೆ ಹೋಗಿ ಬಂದರು. ಬಂದ ಮೇಲಿನ ಮೊದಲ ಗುರುವಾರ ದಿಂಬಿಗೆ ಒರಗಿಕೊಂಡೇ ನನ್ನನ್ನು ತರಾಟೆಗೆ ತೆಗೆದುಕೊಂಡರು.

"ನೀನು ಡೆಕ್ಲನ್‌ಗೆ ಹೆಸರು ಬರೆದುಕೊಡುತ್ತಿಲ್ಲವಂತೆ. ನನ್ನ ನಿಯರಿ ಕ್ರೈಸ್ತ ಅಂತ ನಿನಗೆ ಬೇಜಾರಾ?"

"ಅಯ್ಯೋ, ಇಲ್ಲ. ಅವನು ಕ್ರೈಸ್ತ ಅಂತ ಹೇಗೆ ಗೊತ್ತಾಯಿತು?"

"ಹೆಸರು ಹೇಳಿ ಬೆರಳಿಗೆ ಮುತ್ತಿಟ್ಟನಲ್ಲ. ಶಿಲುಬೆಯ ಗುರುತು ಮಾಡಿ ಹೆಬ್ಬೆರಳಿಗೆ ಮುತ್ತಿಡುವವರು ಇದ್ದಾರೆ. ನಾನು ಅದನ್ನು ಹೇಳಿದ್ದಕ್ಕೇ ಪಾದ್ರಿ ಅವನನ್ನು ಸ್ಮಶಾನದ ಗೋಡೆಯ ಒಳಗೆ ಹೂಳಲು ಬಿಟ್ಟರು. ನೋಡು, ಹೀಗೆ." ಬಲಗೈ ಎತ್ತಿ, ನಾಲ್ಕು ಬೆರಳು ಮಡಚಿ, ಹೆಬ್ಬೆರಳನ್ನು ತುಟಿಯ ಕಡೆಗೆ ಬಗ್ಗಿಸಿದರು.

ಬಸ್ ಸ್ಟ್ಯಾಂಡಿನಲ್ಲಿ, ರೈಲಿನ ಕಿಟಕಿಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಆ ಕೈಯನ್ನು ಎಷ್ಟು ಸಲ ನೋಡಿಲ್ಲ. ನೋಡಿದವರು ಎದ್ದು ಹೋಗಿ ಲೋಟ ತರುತ್ತಾರೆ, ಅಷ್ಟೆ. ಇನ್ನು ತೆಲುಗೋ ತುಳುವೋ ಎಂಬ ಅನುಮಾನವೂ ಬೇಕಾಗಿರಲಿಲ್ಲ.

"ನಿಮ್ಮ ಭಾಷೆಯಲ್ಲಿ ಅದನ್ನು ಹೇಗೆ ಹೇಳುತ್ತೀರಿ? ಹೇಳು ನೋಡೋಣ."

"ನೀರು," ಎಂದೆ.

ಬ್ರೈಡಿಯ ಮುಖ ಬದಲಾಯಿತು. ದಿಂಬಿನಿಂದ ಮುಂದಕ್ಕೆ ಬಾಗಿ ನನ್ನ ಮಣಿಕಟ್ಟು ಹಿಡಿದರು. "ಅದೇ! ಮತ್ತೆ ಹೇಳು. ಅದೇ ಅದೇ. ಇಷ್ಟು ವರ್ಷದಲ್ಲಿ ಯಾರೂ ಸರಿಯಾಗಿ ಹೇಳಲಿಲ್ಲ. ನೋರೀನ್ ನಿಯರಿ ಅಂತಾಳೆ, ಪಾದ್ರಿ ನಿಯರಿ ಅಂತಾರೆ. ಅವನು ಹೇಳಿದ್ದು ಹೀಗೇ. ಇನ್ನೊಂದು ಸಲ ಹೇಳು ಮಗೂ."

ಇನ್ನೊಂದು ಸಲ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ, ಎಳೆಯ ಮಗು ಕೇಳುವ ಹಾಗೆ ಕೇಳಿದರು:

"ನಿಮ್ಮ ಹೆಸರಿಗೆಲ್ಲ ಅರ್ಥ ಇರುತ್ತಲ್ಲ. ಮೇಘಾ ಅಂದರೆ ಮೋಡ ಅಂದಿದ್ದೆ. ಇದಕ್ಕೆ ಏನು ಅರ್ಥ?"

ಏನಾದರೂ ಹೇಳಬಹುದಿತ್ತು. ಬೆಳಕು ಅಂತಲೋ, ಸಮುದ್ರ ಅಂತಲೋ. ಸುಳ್ಳು ಹೇಳಲು ಬೇಕಾದ ಚುರುಕು ಆ ಹೊತ್ತಿಗೆ ನನ್ನಲ್ಲಿ ಇರಲಿಲ್ಲ. ಮಂಚದ ಪಕ್ಕದ ಮೇಜಿನ ಮೇಲೆ ಮಾತ್ರೆಗೆಂದು ಇಟ್ಟಿದ್ದ ಗ್ಲಾಸನ್ನು ತೋರಿಸಿದೆ.

ಅವರು ಗ್ಲಾಸನ್ನು ನೋಡಿದರು. ನನ್ನನ್ನು ನೋಡಿದರು. ಮಡಿಲಲ್ಲಿದ್ದ ತಮ್ಮ ಕೈಯನ್ನು ನೋಡಿದರು. ಹೆಬ್ಬೆರಳು ಇನ್ನೂ ಹೊರಗೇ ಇತ್ತು.

"ಅಮ್ಮ ವಿಸ್ಕಿ ಕೊಟ್ಟಳು," ಎಂದರು.

"ಅವರಿಗೆ ಹೇಗೆ ಗೊತ್ತಾಗಬೇಕು?"

"ಅಮ್ಮನಿಗಲ್ಲ. ಅವನು ಕೇಳಿದ್ದು ನನ್ನನ್ನು."

ಒಲೆಯಲ್ಲಿ ಟರ್ಫು ಕುಸಿಯಿತು. ನಾನು ಎದ್ದು ಇನ್ನೊಂದು ತುಂಡು ಹಾಕಿದೆ. ಏನಾದರೂ ಮಾಡಬೇಕಿತ್ತಲ್ಲ.

"ಹಾಗಾದರೆ ಅವನ ಹೆಸರೇನು?"

"ಗೊತ್ತಿಲ್ಲ ಬ್ರೈಡಿ."

"ಯಾರಿಗೂ?"

"ಯಾರಿಗೂ ಗೊತ್ತಿಲ್ಲ."

ಅವರು ಕಿಟಕಿಯ ಕಡೆ ತಿರುಗಿಕೊಂಡರು. ಹೊರಗೆ ನೀರಿಳಿದು ಮರಳು ಬೆತ್ತಲಾಗಿ ಬಿದ್ದಿತ್ತು. ಕೊನೆಗೆ, ತಿರುಗದೆಯೇ ಹೇಳಿದರು.

"ಮೇಲೆ ನಿಯರಿ ಅಂತಲೇ ಇರಲಿ. ತನ್ನ ಹೆಸರಲ್ಲಿ ಅವನು ಬದುಕಿದ್ದು ಎಷ್ಟು ವರ್ಷ? ಇಪ್ಪತ್ತೋ ಮೂವತ್ತೋ. ನಿಯರಿಯಾಗಿ ಅದಕ್ಕಿಂತ ಜಾಸ್ತಿ ಇದ್ದಾನೆ. ಕೆಳಗೆ ನಿನ್ನ ಅಕ್ಷರದಲ್ಲಿ ಅವನು ಅಂದದ್ದನ್ನು ಬರೆದುಬಿಡು. ನೋರೀನ್‌ಗೆ ಹೇಳಬೇಡ. ಅವಳಿಗೆ ಹೇಳಿದರೆ ಮೀನಿನಂಗಡಿಗೆ ಹೇಳಿದ ಹಾಗೆ."

ಆ ದಿನವೇ ಬರೆದುಕೊಟ್ಟೆ. ಡೆಕ್ಲನ್ ಆ ಹಾಳೆಯನ್ನು ಉದ್ದುದ್ದ ಅಡ್ಡಡ್ಡ ಹಿಡಿದು ನೋಡಿ, ಯಾವ ಕಡೆ ಮೇಲೆ ಎಂದು ಕೇಳಿಕೊಂಡು ಹೋದರು.

ಬ್ರೈಡಿ ಆಮೇಲೆ ಮಾತು ಕಡಿಮೆ ಮಾಡಿದರು. ಗುರುವಾರಗಳಂದು ನಾನು ಹೋದರೆ ನಿದ್ದೆ ಬರುತ್ತಿದೆ ಎಂದು ಗೋಡೆಗೆ ಮುಖ ಮಾಡಿಕೊಳ್ಳುತ್ತಿದ್ದರು. ನಿದ್ದೆ ಬಂದಿಲ್ಲವೆಂದು ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಜಪಮಾಲೆ ಮೊಳೆಯಿಂದ ಇಳಿಯಲಿಲ್ಲ. "ಅಮ್ಮನಿಗೆ ಈ ಸಲದ ಚಳಿ ಹೆಚ್ಚಾಯಿತು," ಎಂದರು ನೋರೀನ್. ನಾನು ಹೂಂ ಎಂದೆ. ಅವರ ಮಂಚದ ಪಕ್ಕ ಕೂತು ಹಾಸಿಗೆಯ ಹೊದಿಕೆಯ ಎಳೆ ಎಣಿಸುತ್ತ, ಒಂದು ಮುದಿ ಜೀವದ ಕೈಯಿಂದ ನಾನು ಏನನ್ನು ತೆಗೆದುಕೊಂಡೆ, ಸತ್ತವನೊಬ್ಬನಿಗೆ ಏನನ್ನು ಕೊಟ್ಟೆ ಎಂದು ತೂಗಿ ನೋಡುತ್ತಿದ್ದೆ. ಲೆಕ್ಕ ಕೂಡುತ್ತಿರಲಿಲ್ಲ. ನಮ್ಮವರು ಒಮ್ಮೆಯೂ "ಹೇಳಿರಲಿಲ್ವಾ" ಎನ್ನಲಿಲ್ಲ. ಅದಕ್ಕೆ ಅವರಿಗೆ ಈಗಲೂ ಋಣಿ.

ಹಾಗೆ ಮೇ ಬಂತು, ಕಲ್ಲಿನ ದಿನ ಬಂತು. ನಮ್ಮವರನ್ನು ಎಬ್ಬಿಸಿ ಹೊರಡುವ ಹೊತ್ತಿಗೆ ಬೇಲಿಯ ಆಚೆಯಿಂದ ನೋರೀನ್ ಕೂಗಿದರು: "ಶೋಭಾ, ಅಮ್ಮ ನಿನ್ನನ್ನೇ ಬರಹೇಳ್ತಾ ಇದಾಳೆ. ಒಂದು ಜಗ್ಗು ನೀರಂತೆ. ನಮ್ಮ ಮನೆ ನಲ್ಲಿಯಿಂದಲೇ, ನಿನ್ನ ಕೈಯಲ್ಲೇ ಹಿಡಿಸಬೇಕಂತೆ. ನನ್ನ ಕೈಗೇನಾಗಿದೆಯೋ!"

ಹೋಗಿ ಹಿಡಿದೆ. ಬ್ರೈಡಿ ನೀಲಿ ಕೋಟು ತೊಟ್ಟು ಗಾಲಿಕುರ್ಚಿಯಲ್ಲಿ ಕೂತಿದ್ದರು. ಜಗ್ಗನ್ನು ಮಡಿಲಲ್ಲಿಟ್ಟು ಎರಡೂ ಕೈಯಿಂದ ತಬ್ಬಿಕೊಂಡರು. ದಾರಿಯುದ್ದಕ್ಕೂ ತುಳುಕಿ ಕೋಟು ನೆನೆಯಿತು, ಬಿಡಲಿಲ್ಲ.

ಸ್ಮಶಾನದಲ್ಲಿ ಬಿಸಿಲಿತ್ತು, ಗಾಳಿ ಮಾತ್ರ ಚಾಕು. ಊರಿನ ನಿಯರಿಗಳೆಲ್ಲ ಒಳ್ಳೆಯ ಕೋಟು ಹಾಕಿಕೊಂಡು, ಸಂಬಂಧಿಕರ ಜಾಗದಲ್ಲಿ, ಮುಂದಿನ ಸಾಲಿನಲ್ಲಿ ನಿಂತಿದ್ದರು. ಕುರಿ ಡಾಕ್ಟರು ನಿಯರಿ ಬಂದು ನನ್ನ ಕೈ ಕುಲುಕಿ, "ನಮ್ಮ ಮನೆಯವನಿಗೆ ನೀವು ಮಾಡಿದ ಉಪಕಾರ ದೊಡ್ಡದು," ಎಂದರು. ನಿಮ್ಮ ಮನೆಯವನನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದೆ. ಡೆಕ್ಲನ್ ಹಡಗಿನ ಕಥೆಯನ್ನು, ಅವಳ ಬಿಳಿ ಮೈಯಿಂದ ಬೂದು ಮೈಯವರೆಗೆ, ಹಾಳೆ ನೋಡದೆ ಹೇಳಿದರು. ಮಕ್ಕಳು ಹಾಡಿದರು. ಒದ್ದೆ ತೋಳಿನ ನಮ್ಮ ಮೇಘಾ ನಡುಗುತ್ತ ಹಾಡಿದಳು. ಬಟ್ಟೆ ಸರಿಸಿದಾಗ ನಮ್ಮವರು ಕಲ್ಲನ್ನು ಓದಿದರು, ಓದಿ ನನ್ನ ಕಡೆ ನೋಡಿದರು, ಮತ್ತೆ ಕಲ್ಲಿನ ಕಡೆ ತಿರುಗಿ ತಲೆ ತಗ್ಗಿಸಿದರು. ಅಷ್ಟು ಜನರಲ್ಲಿ ಓದಬಲ್ಲವರು ನಾವಿಬ್ಬರೇ.

ಪಾದ್ರಿಗಳ ಪ್ರಾರ್ಥನೆ ಮುಗಿದ ಮೇಲೆ ಬ್ರೈಡಿ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಬುಡದಲ್ಲಿ ಹೂವಿನ ಗಿಡ ನೆಟ್ಟಿದ್ದ ಕಲ್ಲಿನವರೆಗೆ ಕುರ್ಚಿಯನ್ನು ತಳ್ಳಿದೆ. ಅವರು ಜಗ್ಗನ್ನು ಎತ್ತಲು ನೋಡಿದರು, ಆಗಲಿಲ್ಲ. ಕೆಳಗಿನಿಂದ ನಾನು ಕೈಕೊಟ್ಟೆ. ಸಣ್ಣಗೆ, ಆತುರವಿಲ್ಲದೆ, ಬಾಯಿಗೆ ಬಿಡುವವರ ಹಾಗೆ ಸುರಿದರು. ಜಗ್ಗು ಖಾಲಿಯಾಗುವವರೆಗೂ ನಿಲ್ಲಿಸಲಿಲ್ಲ. ತುಟಿ ಆಡುತ್ತಿತ್ತು. ಹತ್ತಿರ ಇದ್ದುದರಿಂದ ನನಗೆ ಕೇಳಿಸಿತು. ನಾನು ಹೇಳಿಕೊಟ್ಟ ಹಾಗೆ, ಅಲ್ಲ, ಅವನು ಹೇಳಿದ ಹಾಗೆಯೇ ಹೇಳಿದರು.

"ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದಾಳೆ, ಎಷ್ಟು ಒಳ್ಳೆಯ ಜೀವ," ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

ಹಿಂದಿರುಗುವಾಗ ಬ್ರೈಡಿ ನನ್ನ ಕೈಯನ್ನು ತೆಗೆದುಕೊಂಡು ತಮ್ಮ ಒದ್ದೆ ಮಡಿಲಲ್ಲಿ ಇಟ್ಟುಕೊಂಡರು. "ಗುರುವಾರ ಬಾ," ಎಂದರು. "ಮಾಲೆ ಶುರುಮಾಡೋಣ. ನಿನ್ನ ಅರ್ಧ ನೀನು ಹೇಳು."

ಸಂಜೆ ಅಡುಗೆಮನೆಯಲ್ಲಿ ಮೇಘಾಳ ಸ್ವೆಟರನ್ನು ಮತ್ತೆ ರೇಡಿಯೇಟರಿನ ಮೇಲೆ ಹರವುತ್ತಿದ್ದೆ. ಚರ್ಚ್ ಹಾಲ್‌ನ ಚಹಾಕೂಟದಲ್ಲಿ ಉಳಿದ ಸ್ಯಾಂಡ್‌ವಿಚ್ಚುಗಳನ್ನು ತಟ್ಟೆಯಲ್ಲಿ ಹೊತ್ತುಕೊಂಡು ನೋರೀನ್ ಬಂದರು. ಅಮ್ಮ ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದಾಳೆ, ಈಗ ಗ್ರ್ಯಾಂಡ್, ಅಂದರೆ ಆರಾಮಾಗಿದ್ದಾಳೆ ಎಂದರು. ಬಾಗಿಲ ಹತ್ತಿರ ಹೋಗಿ, ಕೋಟಿನ ಜೇಬಿನಲ್ಲಿ ಕೀಲಿ ತಡಕುತ್ತ, ಏನೋ ನೆನಪಾದವರಂತೆ ತಿರುಗಿದರು.

"ನಿಮ್ಮ ಅಕ್ಷರ ಮುದ್ದಾಗಿದೆ ಕಣೇ, ಬಳ್ಳಿ ಸುತ್ತಿಕೊಂಡ ಹಾಗಿದೆ. ಆದರೆ ಅಷ್ಟೇನಾ? ನಿಯರಿ ಅನ್ನೋಕೆ ಇಂಗ್ಲಿಷಿನಲ್ಲಿ ನಮಗೆ ಐದು ಬೇಕು, ನೀವು ಎರಡೇ ಅಕ್ಷರದಲ್ಲಿ ಮುಗಿಸಿಬಿಟ್ಟಿರಲ್ಲ!"